ಕೆಟ್ಟ ಇಯರ್‌ಫೋನು ಹುಡುಕುತ್ತಿದ್ದ ಅಕ್ಕ

ಮೊನ್ನೆ ಬಳ್ಳಾರಿಯ ಗಾಂಧಿನಗರದ ನನ್ನ ಅಂಗಡಿಗೆ ಒಬ್ಬ ಕಾಲೇಜು ಹುಡುಗಿ ಸಣ್ಣ ಡಬ್ಬಿಯೊಂದನ್ನು ಹಿಡಿದುಕೊಂಡು ಬಂದಳು. ಆನ್‌ಲೈನಿನಲ್ಲಿ ತರಿಸಿದ ಇಯರ್‌ಫೋನು. ಬೆಲೆ ಕಡಿಮೆಯದೇ, ಆದರೆ ವೇದಿಕೆಯ ಮೇಲೆ ಹಾಡುವವರು ಹಾಕಿಕೊಳ್ಳುವ ಬಗೆಯದು. ಒಳಗಿನದೆಲ್ಲ ಕಾಣುವ ಪಾರದರ್ಶಕ ಕವಚ, ಕಿವಿಯ ಹಿಂದಿನಿಂದ ಸುತ್ತಿ ಬರುವ ವೈರು. ವಾಪಸು ಕಳಿಸುವ ಗಡುವು ಮುಗಿಯುವುದರೊಳಗೆ ಅದು ಚೆನ್ನಾಗಿದೆಯೋ ಇಲ್ಲವೋ ನಾನು ನೋಡಿ ಹೇಳಬೇಕಂತೆ. ಸ್ಪೀಕರು, ಮೈಕು, ಇಯರ್‌ಫೋನು ಮಾರಿಯೇ ಹೊಟ್ಟೆ ಹೊರೆಯುವವನ ಹತ್ತಿರ ಬೇರೆಯವರ ಮಾಲು ತಂದು ಪುಕ್ಕಟೆ ಪರೀಕ್ಷೆ ಮಾಡಿಕೊಡಿ ಅನ್ನುವ ಧೈರ್ಯ ಈಗಿನ ಮಕ್ಕಳಿಗಿದೆ. ಮನಸ್ಸಿನಲ್ಲೇ ಬೈದುಕೊಳ್ಳುತ್ತ ಡಬ್ಬಿ ತೆರೆದೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು.

ಕಿವಿಗೆ ಹಾಕಿಕೊಂಡು ಅವಳ ಫೋನಿನಲ್ಲಿದ್ದ ಯಾವುದೋ ಭಾಷಣ ಹಚ್ಚಿದೆ. ಮಾತಾಡುವವನು ತಲೆಯೊಳಗೇ ಕುರ್ಚಿ ಹಾಕಿಕೊಂಡು ಕೂತಷ್ಟು ಹತ್ತಿರದಲ್ಲಿದ್ದ. ಅವನು ಉಸಿರು ತೆಗೆದುಕೊಳ್ಳುವುದು ಕೇಳುತ್ತಿತ್ತು, ತುಟಿ ಬಿಡಿಸುವಾಗಿನ ಸಣ್ಣ ಸಪ್ಪಳ ಕೇಳುತ್ತಿತ್ತು. ಸರಕ್ಕನೆ ಎಳೆದು ಕೌಂಟರಿನ ಮೇಲೆ ಹಾಕಿದೆ. ಹುಡುಗಿ ಗಾಬರಿಯಾದಳು. ಅಷ್ಟು ಕೆಟ್ಟದ್ದಾ ಎಂದು ಕೇಳಿದಳು. ಇಲ್ಲಮ್ಮ, ಬಹಳ ಒಳ್ಳೆಯದು, ಇಟ್ಟುಕೋ ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಗಿರಾಕಿಗಳು ಬಂದರು, ಹೋದರು. ನಾನು ಮಾತ್ರ ಅಂಗಡಿಯಲ್ಲಿರಲಿಲ್ಲ, ಅಕ್ಕನ ಹತ್ತಿರ ಹೋಗಿದ್ದೆ...

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನಾನು ರಿದಂ ಪ್ಯಾಡು ಬಾರಿಸುತ್ತಿದ್ದ ಆರ್ಕೆಸ್ಟ್ರಾದಲ್ಲಿ ಅವಳು ಮುಖ್ಯ ಗಾಯಕಿ. ಬಳ್ಳಾರಿಯ ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ಕಾಲ ಅದು. ರಸ್ತೆ ತುಂಬ ಅದಿರಿನ ಲಾರಿ, ಗಿಡದ ಎಲೆ, ಮನೆಯ ಮಾಳಿಗೆ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಕೆಂಪು ದೂಳು. ನಿನ್ನೆಯವರೆಗೆ ಸ್ಕೂಟರಿಗೆ ಪೆಟ್ರೋಲು ಹಾಕಿಸಲು ಹಿಂದೆಮುಂದೆ ನೋಡುತ್ತಿದ್ದವನು ಇವತ್ತು ಮಗುವಿನ ಕಿವಿ ಚುಚ್ಚುವುದಕ್ಕೂ ಪೆಂಡಾಲು ಹೊಡೆಸಿ ಆರ್ಕೆಸ್ಟ್ರಾ ಕರೆಸುತ್ತಿದ್ದ. ನಮ್ಮಂಥವರಿಗೆ ಸುಗ್ಗಿ. ವಾರದಲ್ಲಿ ಮನೆಯಲ್ಲಿ ಊಟ ಮಾಡಿದ ದಿನಗಳೇ ಕಡಿಮೆ.

ಅಕ್ಕನ ಊರು ಕುರುಗೋಡು. ಗಂಡನನ್ನು ಬಿಟ್ಟು ಬಂದು ತಾಯಿಯ ಜೊತೆ ಇದ್ದಳು. ಗಂಟಲು ಒಂದನ್ನು ಬಿಟ್ಟರೆ ಅವಳ ಬದುಕಿಗೆ ಬೇರೆ ಆಧಾರವಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಪಾಪದ ಹೆಂಗಸು ಅಂತ ತಿಳಿಯಬೇಡಿ. ನಾಲಿಗೆ ಬಹಳ ಹರಿತ. ನಾನು ತಾಳದಲ್ಲಿ ಸ್ವಲ್ಪ ಓಡಿದರೆ ಸಾಕು, ಬಸ್ಸು ತಪ್ಪತೈತೇನೋ ನಿನಗ ಎಂದು ಎಲ್ಲರೆದುರು ಮರ್ಯಾದೆ ತೆಗೆಯುತ್ತಿದ್ದಳು. ಆದರೆ ಹಾಡಲು ನಿಂತಳೆಂದರೆ ಊಟದ ಪಂಕ್ತಿಯಲ್ಲಿ ಬಡಿಸುವವನು ಬಕೀಟು ಹಿಡಿದು ನಿಂತುಬಿಡುತ್ತಿದ್ದ. ಮೇಲಿನ ಷಡ್ಜಕ್ಕೆ ಹೋಗುವಾಗ ಕತ್ತಿನ ನರ ಉಬ್ಬಿಸುವುದು, ಕಣ್ಣು ಮುಚ್ಚುವುದು ಒಂದೂ ಇಲ್ಲ. ಮನೆಯ ಮೆಟ್ಟಿಲು ಹತ್ತಿದಂತೆ ಹತ್ತಿಬಿಡುತ್ತಿದ್ದಳು.

ಆರ್ಕೆಸ್ಟ್ರಾದ ಯಜಮಾನರು ಕೀಬೋರ್ಡು ನುಡಿಸುತ್ತಿದ್ದರು. ನಾವೆಲ್ಲ ಮಾಸ್ತರು ಅನ್ನುತ್ತಿದ್ದೆವು. ಇವತ್ತಿಗೂ ಅವರಿಗೆ ಬಹುವಚನ ಬಳಸುತ್ತೇನೆ. ಬಾಯಿಗೆ ಅಭ್ಯಾಸವಾಗಿದೆ, ಅಷ್ಟೇ, ಅದರಲ್ಲಿ ಗೌರವ ಹುಡುಕಬೇಡಿ. ಮಾಸ್ತರು ಒಂದು ಕಾಲದಲ್ಲಿ ಗಾಯಕರೇ. ಆದರೆ ಜನ ಅಕ್ಕನಿಗೆ ಒನ್ಸ್ ಮೋರ್ ಅನ್ನುತ್ತಿದ್ದರು, ಇವರು ಹಾಡಿದಾಗ ಎದ್ದು ಎಲೆ-ಅಡಿಕೆ ಹಾಕಿಕೊಳ್ಳಲು ಹೋಗುತ್ತಿದ್ದರು. ಗಣಿ ಧಣಿಗಳ ಸಂಪರ್ಕವೆಲ್ಲ ಮಾಸ್ತರ ಕೈಯಲ್ಲಿತ್ತು. ಆದ್ದರಿಂದ ಅಕ್ಕ ಅವರನ್ನು ಬಿಡುವಂತಿರಲಿಲ್ಲ, ಜನ ಕೇಳುತ್ತಿದ್ದುದರಿಂದ ಅವರೂ ಅಕ್ಕನನ್ನು ಬಿಡುವಂತಿರಲಿಲ್ಲ.

ಮೊದಲೆಲ್ಲ ವೇದಿಕೆಯ ಮೇಲೆ ಹಾಡುವವರ ಕಾಲ ಬಳಿ ಒಂದು ಸ್ಪೀಕರು ಇಡುತ್ತಿದ್ದೆವು, ಅವರ ದನಿ ಅವರಿಗೆ ಕೇಳಲಿ ಎಂದು. ಅದರ ದನಿ ಮತ್ತೆ ಮೈಕಿಗೇ ಹೊಕ್ಕು ಗಳಿಗೆಗೊಮ್ಮೆ ಕುಂಯ್ ಎಂದು ಕೂಗುತ್ತಿತ್ತು. ವಿಡಿಯೋದಲ್ಲಿ ಆ ಕರಿ ಪೆಟ್ಟಿಗೆ ಅಡ್ಡ ಬರುತ್ತದೆ ಎಂದು ಧಣಿಗಳೂ ಮುಖ ಸಿಂಡರಿಸುತ್ತಿದ್ದರು. ಮಾಸ್ತರು ಹೈದರಾಬಾದಿನ ಯಾವುದೋ ತಂಡ ಕಿವಿಯೊಳಗೆ ಇಯರ್‌ಫೋನು ಹಾಕಿಕೊಂಡು ಹಾಡುವುದನ್ನು ನೋಡಿ ಬಂದರು. ದೊಡ್ಡವರದು ವೈರಿಲ್ಲದ್ದು, ದುಬಾರಿ. ನಮ್ಮದು ಬಡವರ ಏರ್ಪಾಡು. ಮಾಸ್ತರ ಕಾಲ ಬಳಿ ಒಂದು ಸಣ್ಣ ಪೆಟ್ಟಿಗೆ, ಅದರಿಂದ ಉದ್ದನೆಯ ವೈರು, ವೈರಿನ ತುದಿಗೆ ಅಂಗಡಿಯಲ್ಲಿ ಸಿಗುವ ಅಗ್ಗದ ಇಯರ್‌ಫೋನು. ಅಕ್ಕನ ವೈರು ಬೆನ್ನ ಮೇಲಿಂದ ಜಡೆಯ ಒಳಗೆ ಹಾದು ಕಿವಿ ಸೇರುತ್ತಿತ್ತು. ಮೇಲೆ ಎರಡೂ ಕಿವಿ ಮುಚ್ಚುವಂತೆ ಮಲ್ಲಿಗೆ ದಂಡೆ ಕಟ್ಟಿ ಪಿನ್ನು ಚುಚ್ಚುತ್ತಿದ್ದರು. ನೋಡಿದವರಿಗೆ ಮಲ್ಲಿಗೆ ಮಾತ್ರ ಕಾಣುತ್ತಿತ್ತು. ಪೆಟ್ಟಿಗೆಯಲ್ಲಿ ವೈರು ಸಿಕ್ಕಿಸಲು ಸರಿಯಾಗಿ ಕೆಲಸ ಮಾಡುವ ತೂತುಗಳು ಕಡಿಮೆ ಇದ್ದುದರಿಂದ ಅಕ್ಕನಿಗೂ ನನಗೂ ಒಂದೇ ಸಾಲು, ನಡುವೆ ಕವಲು. ಅವಳಿಗೆ ಕೇಳಿದ್ದು ನನಗೂ ಕೇಳಬೇಕು.

ಕೀಬೋರ್ಡಿನ ಪಕ್ಕದಲ್ಲಿ ಮಾಸ್ತರು ಇನ್ನೊಂದು ಮೈಕು ಇಟ್ಟುಕೊಂಡಿದ್ದರು. ಅದರ ಸ್ವಿಚ್ಚು ಒತ್ತಿ ಮಾತಾಡಿದರೆ ನಮ್ಮ ಕಿವಿಯಲ್ಲಿ ಮಾತ್ರ ಕೇಳುತ್ತದೆ, ಹೊರಗೆ ಕೇಳುವುದಿಲ್ಲ. ಎರಡನೇ ಚರಣ ಬಿಡು, ಪಲ್ಲವಿಗೆ ಬಾ, ಧಣಿ ಬಂದ, ವೇಗ ಹೆಚ್ಚಿಸು ಎಂದೆಲ್ಲ ಸೂಚನೆ ಕೊಡಲು. ಮೊದಮೊದಲು ಅಷ್ಟಕ್ಕೇ ಬಳಸಿದರು. ಆಮೇಲೆ ಆ ಸ್ವಿಚ್ಚಿನ ರುಚಿ ಹತ್ತಿತು. ಹೊರಗಿನ ಮೈಕಿನಲ್ಲಿ "ಈಗ ನಮ್ಮ ಬಳ್ಳಾರಿಯ ಕೋಗಿಲಿ" ಅನ್ನುವರು, ಜನ ಚಪ್ಪಾಳೆ ಹೊಡೆಯುವರು. ಚಪ್ಪಾಳೆ ಮುಗಿಯುವ ಮೊದಲೇ ಒಳಗಿನ ಮೈಕಿನಲ್ಲಿ, "ಕೂಗು ಗೂಬಿ" ಅನ್ನುವರು. ಅಕ್ಕ ನಗುತ್ತ ಕೈ ಮುಗಿಯಬೇಕು. ಮುಖದ ಮೇಲೆ ವಿಡಿಯೋ ಲೈಟು ಬಿದ್ದಿದೆ, ಎದುರಿಗೆ ಊರಿಗೆ ಊರೇ ಕೂತಿದೆ.

ಗೂಬಿ ಅನ್ನುವುದು ಅವರ ಬಾಯಿಯ ಸಭ್ಯವಾದ ಮಾತು. ಉಳಿದವನ್ನು ಬರೆಯಲು ನನಗೆ ಮನಸ್ಸಿಲ್ಲ. ಗಂಡ ಯಾಕೆ ಬಿಟ್ಟ, ಮಕ್ಕಳು ಯಾಕೆ ಆಗಲಿಲ್ಲ, ಸೀರೆ ಎಲ್ಲಿಂದ ಬಂತು, ಹಾಡಿನ ಸಾಲಿಗೂ ಸಾಲಿಗೂ ನಡುವೆ ಸಿಗುವ ಜಾಗದಲ್ಲೆಲ್ಲ ಇದೇ. ಇದಕ್ಕೆ ಸಾಕ್ಷಿ ಅಂತ ಇದ್ದವನು ನಾನೊಬ್ಬನೇ. ಒಂದು ಸಲ ತಡೆಯಲಾರದೆ ಮಾಸ್ತರ ಹತ್ತಿರ ಹೋಗಿ, ಇದು ಸರಿಯಲ್ಲ ಎಂದು ಮುಖಕ್ಕೆ ಹೇಳಿದೆ. ಅವರು ನನ್ನ ಹೆಗಲ ಮೇಲೆ ಕೈ ಹಾಕಿ, ಅದೆಲ್ಲ ತಮಾಷೆ, ಹಾಗೆ ಚುಚ್ಚಿದರೇ ಹಾಡು ಕಳೆಗಟ್ಟುವುದು ಎಂದರು. ಆ ದಿನದಿಂದ ನನಗೂ ಒಂದು ಹೆಸರು ಬಿತ್ತು. ಅಕ್ಕನ ಪ್ಯಾಡು.

ಇಯರ್‌ಫೋನುಗಳ ಆಯಸ್ಸು ಕಡಿಮೆ. ಬೆವರಿಗೆ ಒಂದು ಕಿವಿ ಸತ್ತಿತೆಂದರೆ ಇನ್ನೊಂದು ಕಿವಿಯ ಜಾಳಿಗೆಗೆ ಕೆಂಪು ದೂಳು ಕಟ್ಟಿಕೊಳ್ಳುತ್ತಿತ್ತು. ಹಲ್ಲುಜ್ಜುವ ಬ್ರಶ್ಶಿನಿಂದ ಎಷ್ಟು ಅಂತ ಉಜ್ಜುವುದು? ಹಾಗಾಗಿ ಅಕ್ಕ ಆಗಾಗ ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಬೇಕಾಗುತ್ತಿತ್ತು. ಜೊತೆಗೆ ನಾನು. ಓಣಿಯೊಳಗೆ ಒಬ್ಬ ಭಾಯ್ ಅಂಗಡಿ ಇಟ್ಟಿದ್ದರು. ಕಿವಿಗೆ ಹಾಕಿ ನೋಡಿ ಕೊಳ್ಳಲು ಬಿಡುತ್ತಿದ್ದ ಅಂಗಡಿ ಇಡೀ ಪೇಟೆಯಲ್ಲಿ ಅದೊಂದೇ. ಬೇರೆಯವರು ಪ್ಯಾಕೆಟ್ಟು ಹರಿದರೆ ಮಾಲು ನಿನ್ನದೇ ಅನ್ನುತ್ತಿದ್ದರು. ಭಾಯ್ ಒಂದು ಹತ್ತಿ ತುಂಡು, ಸ್ವಲ್ಪ ಸ್ಪಿರಿಟ್ಟು ಇಟ್ಟುಕೊಂಡು, ಒರೆಸಿ ಒರೆಸಿ ಕೊಡುತ್ತಿದ್ದರು.

ಅಕ್ಕನ ಪರೀಕ್ಷೆ ನೋಡಬೇಕು. ಮೊದಲು ವೈರು. ಪಿನ್ನಿನ ಬುಡದಲ್ಲಿ ಬೆರಳಿಗೆ ಸುತ್ತಿ ಬಾಗಿಸುವಳು, ಅಲ್ಲಿ ಮಡಿಕೆ ಬಿಳಿಚಿದರೆ ಆಗಲೇ ಪಕ್ಕಕ್ಕೆ. ನೆಟ್ಟಗಿನ ಪಿನ್ನು ಬೇಡ, ಮೊಣಕೈಯಂತೆ ಬಾಗಿದ್ದು ಬೇಕು, ಯಾರಾದರೂ ವೈರು ತುಳಿದರೂ ಮುರಿಯಬಾರದು. ಆಮೇಲೆ ವೈರನ್ನು ರವಿಕೆಯ ತೋಳಿಗೆ ಉಜ್ಜುವಳು. ಕಿವಿಯೊಳಗೆ ಸರಸರ ಅಂದರೆ ಅದೂ ಪಕ್ಕಕ್ಕೆ. ರಬ್ಬರಿನ ಬಿರಡೆಗಳಲ್ಲಿ ಸಣ್ಣದು ಎಡಕ್ಕೆ, ನಡುವಿನದು ಬಲಕ್ಕೆ, ಅವಳ ಎರಡು ಕಿವಿಯ ತೂತಿನ ಅಳತೆ ಬೇರೆ ಬೇರೆ. ಬಿಗಿಯಾಗಿ ಕೂತ ಮೇಲೆ ಮೆಲ್ಲಗೆ ಒಂದು "ಸಾ" ಹಿಡಿದು ನಿಲ್ಲುವಳು. ಕಡೆಗೆ ನನ್ನ ಫೋನಿನಲ್ಲಿದ್ದ ತಾಳದ ತುಣುಕು ಕೇಳುವಳು, ಒಂದು ಹಾಡು ಕೇಳುವಳು, ವಾರ್ತೆ ಓದುವವನ ದನಿ ಕೇಳುವಳು.

ವಾರ್ತೆಯಲ್ಲಿ ಬಂದು ಎಲ್ಲ ತಲೆಕೆಳಗಾಗುತ್ತಿತ್ತು. ಸ್ಪಷ್ಟವಾಗಿ ಕೇಳುವುದನ್ನೆಲ್ಲ ಅಕ್ಕ ವಾಪಸು ಕೊಡುತ್ತಿದ್ದಳು. ದಬದಬ ಬಡಿಯುವ, ಮಾತೆಲ್ಲ ಮುಳುಗಿಹೋಗುವ ದರಿದ್ರದ್ದನ್ನೇ ಆರಿಸಿ, ಇದನ್ನೇ ಕಟ್ಟಿಕೊಡಿ ಅನ್ನುತ್ತಿದ್ದಳು. ಭಾಯ್ ಎಷ್ಟೋ ಸಲ ಒಳ್ಳೆಯದನ್ನು ಮುಂದಿಟ್ಟು ಸೋತರು. ಒಂದು ದಿನ ಅವರಿಗೂ ತಡೆಯಲಾಗಲಿಲ್ಲ.

"ಅಕ್ಕಾರ, ಇದು ಹುಡುಗರು ಬೈಕ್ ಮ್ಯಾಲ ಹಾಕ್ಕೊಂಡು ಹೋಗೋ ಮಾಲು. ಒಳಗ ಮಾತಾಡಿದ್ರ ಕೊಡದಾಗ ಬಾಯಿ ಇಟ್ಟು ಮಾತಾಡಿದಂಗ ಐತಿ. ಹಾಡೋರಿಗೆ ಇದು ಬರಂಗಿಲ್ರಿ."

"ಕೊಡದಾಗ ಬಾಯಿ ಇಟ್ಟಂಗ ಐತಲ್ಲ, ಅದಕ್ಕೇ ಬೇಕು" ಎಂದಳು ಅಕ್ಕ.

ನಾನು ಆ ಇಯರ್‌ಫೋನನ್ನು ಇಸಿದುಕೊಂಡು ಕಿವಿಗೆ ಹಾಕಿದೆ. ತಾಳ ಎದೆಗೆ ಗುದ್ದುವಂತೆ ಬಂತು. ಮೇಲೆ ಕೀಬೋರ್ಡಿನ ತಂತಿದನಿ ಸೂಜಿಯಷ್ಟು ಚೂಪಾಗಿ ಬಂತು. ನಡುವೆ ಮನುಷ್ಯನ ದನಿ ಇರಬೇಕಾದ ಜಾಗ ಪೂರಾ ಟೊಳ್ಳು. ವಾರ್ತೆ ಓದುತ್ತಿರುವುದು ಹೆಣ್ಣೋ ಗಂಡೋ ತಿಳಿಯುವುದಿಲ್ಲ. ಆಗ ನನ್ನ ಮಂಡೆಗೆ ಹೊಳೆಯಿತು. ತಾಳಕ್ಕೆ ಕೆಳಗಿನದು ಸಾಕು, ಶ್ರುತಿಗೆ ಮೇಲಿನದು ಸಾಕು. ಅವಳ ಸ್ವಂತ ದನಿ, ಕಿವಿ ಬಿಗಿಯಾಗಿ ಮುಚ್ಚಿದ್ದರಿಂದ, ತಲೆಬುರುಡೆಯ ಒಳಗಿನಿಂದಲೇ ಕೇಳುತ್ತದೆ. ಇಲ್ಲದಂತಾಗುವುದು ಒಂದೇ ಒಂದು, ಮಾಸ್ತರ ಮಾತು. ನಾನು ಅಕ್ಕನ ಮುಖ ನೋಡಿದೆ. ಅವಳು ನನಗೂ ಅಂಥದೇ ಒಂದು ಕಟ್ಟಿಸಿದಳು.

ಆ ಮೇಲಿನ ತಿಂಗಳುಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಮಾಸ್ತರು ಸ್ವಿಚ್ಚು ಒತ್ತಿ ಒಳಗೆ ಕಾರುತ್ತಿದ್ದರು, ನಮಗೆ ದೂರದಲ್ಲಿ ಎಮ್ಮೆ ಮುಲುಗಿದಂತೆ ಗುಂಯ್ ಗುಂಯ್ ಎಂದಷ್ಟೇ. ಅಕ್ಕ ತಿಳಿದವಳಂತೆ ತಲೆ ತಗ್ಗಿಸುವಳು, ಒಮ್ಮೊಮ್ಮೆ ಕಣ್ಣಲ್ಲಿ ನೀರು ತಂದುಕೊಂಡಂತೆ ನಟಿಸುವಳು. ಅವರಿಗೆ ತೃಪ್ತಿ. ನಿಜವಾದ ಸೂಚನೆ ಯಾವಾಗ ಬರುತ್ತದೆ ಎನ್ನುವುದನ್ನು ಅವರ ಕೈ, ಹುಬ್ಬು ನೋಡಿ ಊಹಿಸುತ್ತಿದ್ದೆವು, ತಪ್ಪಿದ್ದು ಬಹಳ ಕಡಿಮೆ. ಅಕ್ಕನ ಹಾಡು ಆ ದಿನಗಳಲ್ಲಿ ಹೇಗಿತ್ತು ಅಂದರೆ... ಹೇಗೆ ಹೇಳಲಿ, ಯಾರೂ ಕಾಯದ ಹೊಲದಲ್ಲಿ ಮಕ್ಕಳು ಓಡಾಡಿದ ಹಾಗಿತ್ತು.

ಸಿಕ್ಕಿಬಿದ್ದದ್ದು ಅವಳದೇ ಊರಲ್ಲಿ. ಕುರುಗೋಡಿನಲ್ಲಿ ಒಂದು ನಿಶ್ಚಿತಾರ್ಥ. ಮಧ್ಯಾಹ್ನದ ಊಟಕ್ಕೆ ಬಿಟ್ಟಾಗ ಯಾರೋ ಕುರ್ಚಿ ಎಳೆಯುವಾಗ ಮಾಸ್ತರ ಇಯರ್‌ಫೋನಿನ ವೈರು ಕುರ್ಚಿಯ ಕಾಲಿಗೆ ಸಿಕ್ಕು ಹರಿಯಿತು. ಅಕ್ಕ ತಾಯಿಯನ್ನು ಮಾತಾಡಿಸಲು ಮನೆಗೆ ಹೋಗಿದ್ದಳು, ಅವಳ ಇಯರ್‌ಫೋನು ಮೈಕ್ ಸ್ಟ್ಯಾಂಡಿಗೆ ನೇತಾಡುತ್ತಿತ್ತು. ಮಾಸ್ತರು ಅದನ್ನು ತೆಗೆದು ಕಿವಿಗೆ ಹಾಕಿಕೊಂಡರು, ತಮ್ಮ ಮೈಕಿನ ಸ್ವಿಚ್ಚು ಒತ್ತಿ ಹಲೋ ಹಲೋ ಎಂದರು. ಇನ್ನೊಂದು ಸಲ ಅಂದರು. ಮೈಕಿಗೆ ಬಾಯಿ ಹತ್ತಿರ ತಂದು ಏನೋ ಪೂರ್ತಿ ವಾಕ್ಯ ಹೇಳಿ ಕೇಳಿಸಿಕೊಂಡರು. ನಾನು ಪ್ಯಾಡಿನ ಹಿಂದೆ ಕೂತು ಎಲ್ಲ ನೋಡುತ್ತಿದ್ದೆ. ಇಷ್ಟು ದಿನ ತಾವು ಉಗಿದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತು ಎಂದು ಅವರಿಗೆ ತಿಳಿದದ್ದು ಆಗ.

ಅವರು ಕೂಗಾಡಲಿಲ್ಲ. ಕರ್ಚೀಫಿನಿಂದ ರಬ್ಬರಿನ ಬಿರಡೆ ಒರೆಸಿ, ಇದ್ದಲ್ಲೇ ನೇತುಹಾಕಿದರು. ನನ್ನ ಕಡೆ ನೋಡಿ ಹಲ್ಲು ಬಿಟ್ಟರು. ಆ ದಿನ ಒಳಗಿನ ಮೈಕು ಮುಟ್ಟಲೇ ಇಲ್ಲ. ನಾನು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು, ಬೈದರೆ ಬೈಯಲಿ, ಮೊದಲು ಕೇಳಿಸಿಕೊಂಡಿಲ್ಲವೇ ಎಂದಳು. ಬೈಗುಳಕ್ಕಿಂತ ಹೆಚ್ಚಿನದೊಂದು ಇರಬಹುದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಕಾರ್ಯಕ್ರಮ ಸಿರುಗುಪ್ಪದಲ್ಲಿ, ಅದಿರು ಸಾಗಿಸುವ ಒಬ್ಬ ಕಂಟ್ರಾಕ್ಟರನ ಗೃಹಪ್ರವೇಶ. ಮನೆ ಅಂದರೆ ಮನೆಯಲ್ಲ, ಕಂಬಗಳ ಮೇಲೆ ಕಂಬ. ಬೆಳಿಗ್ಗೆ ಹತ್ತರ ಬಿಸಿಲಿಗೇ ಪೆಂಡಾಲು ಕಾದಿತ್ತು. ಹಾಡು ಶುರುವಾಗುವ ಮೊದಲು ಮಾಸ್ತರು ಮನೆಯ ಯಜಮಾನರನ್ನು ವೇದಿಕೆಗೆ ಕರೆದು, ಅವರ ಕೈಯಿಂದ ಅಕ್ಕನಿಗೆ ಒಂದು ಡಬ್ಬಿ ಕೊಡಿಸಿದರು. ನಮ್ಮ ಕೋಗಿಲೆಗೆ ಇನ್ನು ಮೇಲೆ ಹುಡುಗರ ಆಟಿಕೆ ಬೇಡ, ಬೆಂಗಳೂರಿನಿಂದ ತರಿಸಿದ್ದೇನೆ ಎಂದು ಮೈಕಿನಲ್ಲಿ ಸಾರಿದರು. ಜನ ಚಪ್ಪಾಳೆ ತಟ್ಟಿದರು. ನನಗೂ ಒಂದು ಡಬ್ಬಿ. ಇಲ್ಲ ಅನ್ನುವುದು ಹೇಗೆ? ಮಾಸ್ತರೇ ಮುಂದೆ ನಿಂತು ಅಕ್ಕನ ಕಿವಿಯಲ್ಲಿ ಅದು ಬಿಗಿಯಾಗಿ ಕೂತಿದೆಯೋ ಎಂದು ನೋಡಿದರು. ಜಡೆಗೆ ವೈರು ಹೆಣೆಸಿದರು, ಮಲ್ಲಿಗೆ ದಂಡೆಗೆ ಎಂದಿಗಿಂತ ಹೆಚ್ಚು ಪಿನ್ನು ಚುಚ್ಚಿಸಿದರು.

ಮಾಲು ಶ್ರೇಷ್ಠವಾಗಿತ್ತು, ಸುಳ್ಳು ಹೇಳಬಾರದು. ಅಗ್ಗದ್ದರಲ್ಲಿ ಅಂಥದ್ದು ಅದಕ್ಕಿಂತ ಮೊದಲು ನಾನು ಕೇಳಿರಲಿಲ್ಲ. ಕವಚ ಹಗುರ, ವೈರು ಮೆತ್ತಗೆ, ಉಜ್ಜಿದರೂ ಸಪ್ಪಳವಿಲ್ಲ. ನನ್ನ ಪ್ಯಾಡಿನ ಚರ್ಮದ ದನಿ, ಲೋಹದ ದನಿ ಬೇರೆ ಬೇರೆಯಾಗಿ ಕೇಳಿಸಿದವು. ಅಕ್ಕನ ದನಿಯಲ್ಲಿ ನನಗೆ ಅದುವರೆಗೆ ಗೊತ್ತೇ ಇರದಿದ್ದ ಒಂದು ತೆಳ್ಳಗಿನ ನಡುಕ ಕೇಳಿಸಿತು. ಇಂಥ ಹೆಣ್ಣಿನ ಜೊತೆ ಇಷ್ಟು ದಿನ ಬಾರಿಸಿದೆನಲ್ಲ ಎಂದು ರೋಮಾಂಚನವಾಯಿತು. ಅಷ್ಟರಲ್ಲಿ ಮಾಸ್ತರು ಸ್ವಿಚ್ಚು ಒತ್ತಿದರು.

ಅವರು ಬೈಯಲಿಲ್ಲ. ಕಾಯಿಲೆಯವರ ಹತ್ತಿರ ಮಾತಾಡುವಷ್ಟು ಮೆತ್ತಗೆ ಮಾತಾಡಿದರು.

"ಈ ಹಾಡು ಬರ್ತೈತಿ, ಹೆದರಬ್ಯಾಡ. ಮುಂದಿಂದ್ರಾಗ ನಿನ್ನ ದನಿ ಒಡೀತೈತಿ."

ಮೊದಲ ಹಾಡು ಚೆನ್ನಾಗಿಯೇ ಆಯಿತು. ಎರಡನೆಯದರಲ್ಲಿ, ಅವಳು ಉಸಿರು ತೆಗೆದುಕೊಳ್ಳುವ ಪ್ರತಿ ಜಾಗದಲ್ಲೂ ಅದೇ ಮೆತ್ತಗಿನ ದನಿ. ಗಂಟಲು ಒಣಗುತ್ತಿದೆ. ಈಗ ಒಣಗಿತು. ಮೇಲೆ ಹೋಗುವಾಗ ಸಿಕ್ಕಿಕೊಳ್ಳುತ್ತದೆ, ಈ ಸಲ ಅಲ್ಲ, ಮುಂದಿನ ಸಲ. ಅಕ್ಕ ಎರಡು ಸಲ ನುಂಗಿಕೊಂಡಳು. ಒಮ್ಮೆ ಕೈ ಕಿವಿಯ ತನಕ ಹೋಯಿತು, ದಂಡೆ ಕಿತ್ತು ಬರುತ್ತದೆ ಎಂದು ಹಾಗೇ ಕೂದಲು ಸರಿಮಾಡಿಕೊಂಡಂತೆ ಮಾಡಿ ಇಳಿಸಿದಳು. ನನ್ನ ಕಡೆ ನೋಡಿದಳು. ದನಿ ತಗ್ಗಿಸುವ ಗುಂಡಿ ಇದ್ದದ್ದು ಮಾಸ್ತರ ಕಾಲ ಬಳಿ. ನನ್ನ ಕೈಯಲ್ಲಿದ್ದದ್ದು ಎರಡು ಕೋಲು. ಅವರ ಮಾತು ಮುಳುಗಿಹೋಗಲಿ ಎಂದು ಕೈ ನೋಯುವಂತೆ ಬಡಿದೆ. ಮಾಲು ಒಳ್ಳೆಯದಲ್ಲವೇ, ನನ್ನ ಬಡಿತ ಬೇರೆ ಕೇಳಿತು, ಅವರ ಮಾತು ಬೇರೆ ಕೇಳಿತು.

"ಮೆಲ್ಲಕ ಬಾರ್ಸೋ ತಮ್ಮಾ" ಎಂದರು ಮಾಸ್ತರು, ಅದೇ ಮೈಕಿನಲ್ಲಿ. "ಅಕ್ಕಗ ಕೇಳಬೇಕಲ್ಲ."

ಮೂರನೆಯದು ಒಂದು ಹಳೆಯ ಸಿನಿಮಾ ಹಾಡು. ಅವಳು ಅದನ್ನು ಎಷ್ಟು ಸಲ ಹಾಡಿದ್ದಳೋ ಲೆಕ್ಕವಿಲ್ಲ. ಚರಣದ ಕೊನೆಗೆ ಒಂದು ಸಾಲು ಕೆಳಗೆ ತಂಗುತ್ತದೆ, ಉಸಿರು ತೆಗೆದುಕೊಂಡು ಅಲ್ಲಿಂದ ನೇರ ಮೇಲಿನ ಷಡ್ಜಕ್ಕೆ ಏರಬೇಕು. ಅಕ್ಕ ಆ ಸಾಲು ಮುಗಿಸಿದಳು, ಉಸಿರು ಎಳೆದಳು.

"ಇಲ್ಲೇ ನೋಡು" ಎಂದರು ಮಾಸ್ತರು.

ದನಿ ಒಡೆಯಿತು. ಹಾಡುವವರಿಗೆ ಆಗಾಗ ಆಗುವ ಸಣ್ಣ ಬಿರುಕಲ್ಲ. ಸ್ಪೀಕರುಗಳ ತುಂಬ ಕಿರ್ರೆಂದು ಒಂದು ಸಪ್ಪಳ ಬಂತು, ಆಮೇಲೆ ಏನೂ ಬರಲಿಲ್ಲ. ಅವಳ ಬಾಯಿ ತೆರೆದೇ ಇತ್ತು. ಮುಂದಿನ ಸಾಲಿನಲ್ಲಿದ್ದ ಹುಡುಗರು ಅದೇ ಸಪ್ಪಳವನ್ನು ಅಣಕಿಸಿದರು, ನಗು ಹಿಂದಿನ ಸಾಲಿನವರೆಗೆ ಹಬ್ಬಿತು. ಅಕ್ಕ ಮತ್ತೆ ಎತ್ತಿಕೊಂಡಳು, ಮತ್ತೆ ಅಲ್ಲೇ ಒಡೆಯಿತು. ಮನೆಯ ಯಜಮಾನರ ಕಡೆಯ ಒಬ್ಬ ವೇದಿಕೆಯ ಅಂಚಿಗೆ ಬಂದು, "ಇಂಕೆವರೂ ಲೇರಾ?" ಎಂದು ತೆಲುಗಿನಲ್ಲಿ ಕೇಳಿದ, ಬೇರೆ ಯಾರೂ ಇಲ್ಲವೇ ನಿಮ್ಮಲ್ಲಿ ಎಂದು, ಅವಳ ಎದುರಿಗೇ. ಮಾಸ್ತರು ಹೊರಗಿನ ಮೈಕು ತೆಗೆದುಕೊಂಡು, ಕೋಗಿಲೆಗೆ ಇವತ್ತು ಆರೋಗ್ಯ ಸರಿಯಿಲ್ಲ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿ ಎಂದು ಕೈಮುಗಿದರು. ಅರ್ಧಕ್ಕೆ ನಿಂತ ಹಾಡನ್ನು ತಾವೇ ಹಾಡಿ ಮುಗಿಸಿದರು. ಅವತ್ತು ಅವರಿಗೆ ಒನ್ಸ್ ಮೋರ್ ಸಿಕ್ಕಿತು.

ವಾಪಸು ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಸ್ಪೀಕರುಗಳ ನಡುವೆ ಅಕ್ಕ ಕೂತಿದ್ದಳು. ಮಲ್ಲಿಗೆ ಕಿತ್ತು ಹಾಕಿದ್ದಳು, ಪಿನ್ನು ಎಳೆದ ಕಡೆ ಕಿವಿಯ ಹಿಂದೆ ರಕ್ತ ಒಸರಿತ್ತು. ಸಿರುಗುಪ್ಪ ದಾಟಿತು, ಭತ್ತದ ಗದ್ದೆಗಳು ಮುಗಿದವು. ಆಮೇಲೆ ನನ್ನ ಕಡೆ ಬಾಗಿ ಕೇಳಿದಳು.

"ನಿನಗೂ ಕೇಳಿಸಿತಲ್ಲ?"

"ಕೇಳಿಸಿತಕ್ಕ."

"ಹಂಗಾರ ನನ್ನ ತಲಿಯಾಗಿಂದಲ್ಲ ಅದು" ಎಂದು ಹೇಳಿ ಹಿಂದಕ್ಕೆ ಒರಗಿದಳು. ಅವಳಿಗೆ ಒಂದು ಬಗೆಯ ಸಮಾಧಾನವಾದಂತೆ ಕಂಡಿತು.

ನಾನು ಮಾರನೆಯ ದಿನವೇ ತಂಡ ಬಿಟ್ಟೆ. ಅಕ್ಕನನ್ನು ಅವರೇ ಬಿಟ್ಟರು, ಆರೋಗ್ಯ ಸುಧಾರಿಸಿದ ಮೇಲೆ ಬಾ ಎಂದು ಹೇಳಿ. ಪಾರ್ವತಿನಗರದಲ್ಲಿ ಇನ್ನೊಂದು ತಂಡವಿತ್ತು, ನಾನೇ ಕರೆದುಕೊಂಡು ಹೋದೆ. ಅಲ್ಲಿ ಇಯರ್‌ಫೋನಿನ ಗೊಡವೆಯೇ ಇರಲಿಲ್ಲ. ಅಭ್ಯಾಸಕ್ಕೆ ನಿಂತಳು, ಚೆನ್ನಾಗಿ ಹಾಡಿದಳು, ಮೇಲಿನ ಷಡ್ಜ ಹತ್ತಿರ ಬಂತು, ಉಸಿರು ತೆಗೆದುಕೊಂಡಳು, ಒಡೆಯಿತು. ಗಂಟಲಿನ ಡಾಕ್ಟರು ಬೆಳಕು ಬಿಟ್ಟು ನೋಡಿ ಏನೂ ಆಗಿಲ್ಲ ಅಂದರು. ಇನ್ನೊಬ್ಬರಿಗೆ ತೋರಿಸಿದೆವು, ಅವರೂ ಅದನ್ನೇ ಅಂದರು. ಸಿರುಗುಪ್ಪದಲ್ಲಿ ಯಾರೋ ಆ ಹಾಡನ್ನು ಫೋನಿನಲ್ಲಿ ಹಿಡಿದಿದ್ದರು. ಆಗ ಬ್ಲೂಟೂತಿನ ಹುಚ್ಚು. ಆ ತುಣುಕು ಲಾರಿ ಡ್ರೈವರುಗಳಿಂದ ಹಿಡಿದು ಹಾರ್ಮೋನಿಯಂ ರಿಪೇರಿಯವನವರೆಗೆ ಎಲ್ಲರ ಫೋನಿನಲ್ಲೂ ಇತ್ತು, ಎಲ್ಲರೂ ನಕ್ಕಿದ್ದರು. ಯಾವ ತಂಡಕ್ಕೆ ಹೋದರೂ ಅವಳಿಗಿಂತ ಮೊದಲು ಅದು ಹೋಗಿರುತ್ತಿತ್ತು.

ಅದಿರಿನ ಕಾಲ ಮುಗಿಯಿತು. ಲಾರಿಗಳು ಸಾಲುಸಾಲಾಗಿ ನಿಂತು ತುಕ್ಕು ಹಿಡಿದವು, ತಂಡಗಳು ಚದುರಿದವು. ನಾನು ಅಂಗಡಿ ಹಾಕಿದೆ. ಮಾಸ್ತರು ಚೆನ್ನಾಗಿಯೇ ಇದ್ದಾರೆ. ಮಕ್ಕಳ ಗಾಯನ ಸ್ಪರ್ಧೆಗಳಿಗೆ ತೀರ್ಪುಗಾರರಾಗಿ ಹೋಗುತ್ತಾರೆ, ಶಾಲು ಹೊದಿಸಿಕೊಳ್ಳುತ್ತಾರೆ, ಪ್ರೋತ್ಸಾಹ ಬಹಳ ಮುಖ್ಯ ಎಂದು ಭಾಷಣ ಮಾಡುತ್ತಾರೆ. ದೇವರು ನೋಡಿಕೊಳ್ಳುತ್ತಾನೆ ಅನ್ನುವವರು ನನ್ನ ಎದುರಿಗೆ ಬರಬಾರದು. ಏನೂ ನೋಡಿಕೊಂಡಿಲ್ಲ.

ಕೆಲವು ವರ್ಷಗಳ ಮೇಲೆ ಕುರುಗೋಡಿಗೆ ಸ್ಪೀಕರು ಹಾಕಲು ಹೋದವನು ಬಸ್‌ಸ್ಟ್ಯಾಂಡಿನ ಹತ್ತಿರ ಅಕ್ಕನನ್ನು ಕಂಡೆ. ಮಿರ್ಚಿ ಬಜ್ಜಿಯ ಬಂಡಿ ಇಟ್ಟಿದ್ದಳು. ತಾಯಿ ತೀರಿಕೊಂಡಿದ್ದರು. ನಾಲಿಗೆ ಹಾಗೇ ಇತ್ತು, ಹೊಟ್ಟೆ ಬಂದದ್ದಕ್ಕೆ ನನ್ನನ್ನು ಚೆನ್ನಾಗಿ ಆಡಿಸಿದಳು, ಬಿಸಿ ಮಿರ್ಚಿ ಕಾಗದದಲ್ಲಿ ಹಾಕಿಕೊಟ್ಟಳು. ಜನ ಕಡಿಮೆಯಾದ ಮೇಲೆ, ಬೆಂಕಿಯ ಮುಂದೆ ಇಷ್ಟು ಹೊತ್ತು ನಿಲ್ಲುವುದು ಕಷ್ಟವಲ್ಲವೇ, ಬೇರೆ ಕೆಲಸ ಇರಲಿಲ್ಲವೇ ಎಂದು ಕೇಳಿದೆ. ಅವಳು ಜಾಲರಿಯಿಂದ ಬಾಣಲೆಯಲ್ಲಿದ್ದುದನ್ನು ತಿರುವಿದಳು.

"ಎಣ್ಣಿ ಸಪ್ಪಳದಾಗ ಆ ಮಾಸ್ತರ ಸುಮ್ಕಿರ್ತಾನ. ಮನ್ಯಾಗ ಸುಮ್ನ ಕುಂತ್ರ ಶುರು ಮಾಡ್ತಾನ. ಈಗ ನಿನಗ ಕೇಳಂಗಿಲ್ಲ ಅಲ್ಲ?"

ಇಲ್ಲ ಅಂದೆ. ಹೌದು, ಇಲ್ಲ ಅಂತ ನನಗ ಗೊತ್ತೈತಿ ಅಂದಳು. ಅದೇ ಕೊನೆ, ಮತ್ತೆ ನೋಡಲಿಲ್ಲ. ಹೋದ ವರ್ಷ ಕುರುಗೋಡಿನವರೊಬ್ಬರು ಅಂಗಡಿಗೆ ಬಂದಾಗ ಮಾತಿಗೆ ಮಾತು ಬಂದು, ಮಿರ್ಚಿ ಅಕ್ಕ ತೀರಿಹೋಗಿ ಆರು ತಿಂಗಳಾಯಿತಲ್ಲ ಎಂದರು. ಅವಳು ಹಾಡುತ್ತಿದ್ದಳು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಅವಳ ದನಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದೆ. ಆ ಕಾಲದ ಮದುವೆ ವಿಡಿಯೋ ಮಾಡಿದವರ ಮನೆಗಳಿಗೆ ಹೋಗಿ ಹಳೆಯ ಡಿಸ್ಕುಗಳನ್ನು ಹಾಕಿಸಿ ನೋಡಿದೆ. ಅಕ್ಕ ಎಲ್ಲದರಲ್ಲೂ ಇದ್ದಾಳೆ. ರೇಷ್ಮೆ ಸೀರೆ, ಕಿವಿ ಮುಚ್ಚಿದ ಮಲ್ಲಿಗೆ, ನಗು. ಬಾಯಿ ಆಡುತ್ತದೆ. ಆದರೆ ವಿಡಿಯೋದವರು ಮೂಲ ದನಿಯನ್ನೆಲ್ಲ ಅಳಿಸಿ, ಮೇಲೆ ಯಾವುದೋ ಸಿನಿಮಾದ ಹಾಡು ಹಾಕಿಬಿಟ್ಟಿದ್ದಾರೆ. ಆಗ ಅದೇ ಪದ್ಧತಿ, ಅದರಲ್ಲೇ ಚೆಂದ ಅನ್ನುತ್ತಿದ್ದರು. ಉಳಿದಿರುವುದು ಸಿರುಗುಪ್ಪದ ಆ ತುಣುಕೊಂದೇ, ಜನ ನಗಲು ಇಟ್ಟುಕೊಂಡದ್ದು.

ಅದು ನನ್ನ ಹತ್ತಿರ ಇದೆ. ಅಂಗಡಿಗೆ ಹೊಸ ಇಯರ್‌ಫೋನು ಬಂದಾಗ ಬಾಗಿಲು ಅರ್ಧ ಎಳೆದು ಅದನ್ನೇ ಹಚ್ಚಿ ಕೇಳುತ್ತೇನೆ. ಹಳೆಯ ಫೋನಿನಲ್ಲಿ ಹಿಡಿದದ್ದು, ದನಿ ತಗಡಿನ ಹಾಗಿದೆ. ಮಾಲು ಒಳ್ಳೆಯದಿದ್ದರೆ ಪೆಂಡಾಲಿನ ಫ್ಯಾನು ತಿರುಗುವುದು ಕೇಳುತ್ತದೆ, ಯಾವುದೋ ಮಗು ಅಳುವುದು ಕೇಳುತ್ತದೆ, ನನ್ನ ಪ್ಯಾಡು ಹುಚ್ಚು ಹಿಡಿದಂತೆ ಬಡಿಯುವುದು ಕೇಳುತ್ತದೆ. ಅಕ್ಕ ಚರಣದ ಕೊನೆಯ ಸಾಲಿಗೆ ಬರುತ್ತಾಳೆ. ಎಷ್ಟು ಚೆನ್ನಾಗಿ ಹಾಡಿದ್ದಾಳೆ ಅದನ್ನು... ಅಲ್ಲಿಂದ ಮುಂದೆ ಒಂದು ಉಸಿರಿನಷ್ಟು ಜಾಗ ಖಾಲಿಯಿದೆ. ಎಂಥ ಇಯರ್‌ಫೋನು ಹಾಕಿ ಕೇಳಿದರೂ ಆ ಜಾಗದಲ್ಲಿ ಏನೂ ಇಲ್ಲ. ಅಲ್ಲಿ ಹೇಳಿದ್ದನ್ನು ಕೇಳಿಸಿಕೊಂಡವರು ನಾವಿಬ್ಬರೇ ಇದ್ದೆವು. ಈಗ ನಾನೊಬ್ಬನೇ ಇದ್ದೇನೆ.